ಬಿಗಿಯಾದ ಸ್ಟೇರಿಂಗು

ತಿಕೋಟಾ, ಬಬಲೇಶ್ವರಗಳಿಂದ ವಿಜಯಪುರದ ಕಾಲೇಜಿಗೆ ಬರುವ ನಮ್ಮಲ್ಲಿ ಅನೇಕರು ಹಳೆಯ ಟಾಟಾ ಸುಮೋಗಳನ್ನು ನಂಬಿದವರು. ಅವುಗಳ ತಯಾರಿಕೆ 2019ರಲ್ಲಿ ನಿಂತಿತು, ಓಟ ನಿಂತಿಲ್ಲ. ಪವರ್ ಸ್ಟೇರಿಂಗು ಬಿಗಿಯಾದರೆ ಚಾಲಕರು ತೋಳಿನ ಬಲ ಹೆಚ್ಚಿಸುವರು, ಇಲ್ಲವೆ ಮತ್ತಷ್ಟು ಎಣ್ಣೆ ಸುರಿಯುವರು. ಇದು ದುರಸ್ತಿಯಲ್ಲವೆಂಬುದು ನನ್ನ ಮತ. ಆ ಎಣ್ಣೆ ಡೀಸೆಲ್ಲಿನಂತೆ ಉರಿದು ಖರ್ಚಾಗುವದಿಲ್ಲ. ಕಡಿಮೆಯಾಯಿತೆಂದರೆ ಎಲ್ಲಿಯೋ ಸೋರುತ್ತಿದೆ. ಪಂಪು ನರಳಿದರೆ ಎಣ್ಣೆಯಲ್ಲಿ ಗಾಳಿ ಸೇರಿರಬಹುದು; ತಿರುಗಿಸುವಾಗ ಕಿರುಚಿದರೆ ಬೆಲ್ಟು ಸಡಿಲಾಗಿರಬಹುದು. ಪಂಪನ್ನು ನಡೆಸುವದು ಇಂಜಿನ್ನು. ಆದುದರಿಂದ ಇಳಿಜಾರಿನಲ್ಲಿ ಇಂಜಿನ್ನು ಆರಿಸಿ ಡೀಸೆಲ್ ಉಳಿಸುವವರು ಸ್ಟೇರಿಂಗಿನ ನೆರವನ್ನೂ ಆರಿಸುತ್ತಾರೆ. ಗಾಡಿಯ ತುಂಬ ಕುಳಿತವರ ಜೀವ ಒಂದು ಸೋರುವ ಕೊಳವೆಯನ್ನು ನೆಚ್ಚಿಕೊಂಡಿರಬಾರದು. ಬಾಡಿಗೆ ಕೊಡುವ ನಾವೂ ಬಾಯಿಬಿಟ್ಟು ಕೇಳೋಣ: “ಅಣ್ಣಾರ, ಎಣ್ಣಿ ಎಲ್ಲಿ ಸೋರತೈತಿ, ನೋಡಿಸೀರೇನ್ರಿ?”