ಬಂಡೆ ಮೇಲೆ ಬೀಜ ಯಾಕೆ ಬಿತ್ತು? ಉತ್ತರ ಕಾಲೇಜಿನಲ್ಲೇ ಉಳಿದಿದೆ

ಸಂಡೇ ಸ್ಕೂಲಿಗೆ ಹೋಗುವ ಮಗುವನ್ನು ಕೇಳಿ ನೋಡಿ, ಬಿತ್ತುವವನ ಸಾಮ್ಯವನ್ನು ಒಂದೇ ಉಸಿರಿಗೆ ಒಪ್ಪಿಸುತ್ತದೆ. ಒಂದಿಷ್ಟು ಬೀಜ ದಾರಿಗೆ ಬಿತ್ತು, ಒಂದಿಷ್ಟು ಬಂಡೆಗೆ, ಒಂದಿಷ್ಟು ಮುಳ್ಳಿಗೆ, ಉಳಿದದ್ದು ಒಳ್ಳೆಯ ನೆಲಕ್ಕೆ.

ಆದರೆ ಕೂರಿಗೆಯಲ್ಲಿ ಸಾಲು ತಪ್ಪದಂತೆ ರಾಗಿ ಬಿತ್ತುವವರ ಮಗು ಅದು. "ಬಂಡೆ ಮೇಲೆ ಯಾಕೆ ಬೀಜ ಚೆಲ್ಲಿದ?" ಅಂತ ಕೇಳಿಯೇ ಕೇಳುತ್ತದೆ. ನಾವೂ ಕೇಳಿದ್ದೆವು. "ವಾಕ್ಯ ಬಾಯಿಪಾಠ ಮಾಡು, ಬಹುಮಾನ ಇದೆ" ಎಂಬ ಉತ್ತರ ಸಿಕ್ಕಿತು.

ಆ ನಾಡಿನಲ್ಲಿ ಮೊದಲು ಬೀಜ ಎರಚಿ ಆಮೇಲೆ ಉಳುತ್ತಿದ್ದರು, ತೆಳು ಮಣ್ಣಿನಡಿ ಬಂಡೆ ಕಾಣುತ್ತಿರಲಿಲ್ಲ ಎನ್ನುವ ವಿದ್ವಾಂಸರಿದ್ದಾರೆ. ಒಪ್ಪದವರೂ ಇದ್ದಾರೆ. ಇಂಥ ಚರ್ಚೆಯನ್ನು ದೇವಶಾಸ್ತ್ರದ ಕಾಲೇಜಿನಲ್ಲಿ ವರ್ಷಗಟ್ಟಲೆ ಓದಿದ ಸಭಾಪಾಲಕರು ಊರಿಗೆ ಬಂದ ಮೇಲೆ ಪುಸ್ತಕ ಮುಚ್ಚಿಡುತ್ತಾರೆ. ನಮಗೆ ಸಿಗುವುದು ಪ್ರಸಂಗ ಮಾತ್ರ. ಅಲ್ಲಿ ಕೈ ಎತ್ತಿ ಕೇಳುವ ಹಾಗಿಲ್ಲ.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲೊಬ್ಬರಾದ ಮೊಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದರು. ಪತ್ರಿಕೋದ್ಯಮ ಓದಿದ ನಮಗೆಲ್ಲ ಮೊದಲ ಪಾಠವೇ ಅದು. ಕಿಟ್ಟೆಲ್ ನಿಘಂಟು 1894ರಲ್ಲಿ ಬಂತು. ಮತ ಪ್ರಚಾರವೇ ಅವರ ಗುರಿ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಕಲಿಸುವ ಮೊದಲು ಅವರು ನಮ್ಮ ಮಾತು ಕಲಿತರು. ಇವತ್ತು ನಮ್ಮ ಮಾತಿನಲ್ಲೇ ಹುಟ್ಟಿದವರು ಕಲಿತದ್ದನ್ನು ನಮಗೆ ಹೇಳುತ್ತಿಲ್ಲ. ಕನ್ನಡದಲ್ಲಿ ಆಗುವುದಿಲ್ಲ ಎಂಬ ನೆಪ ಬೇಡ. ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಕನ್ನಡದಲ್ಲೇ ಕಲಿಸಿಕೊಂಡು ಬಂದಿದೆ.

"ಪ್ರಶ್ನೆ ಕೇಳಿದರೆ ನಂಬಿಕೆ ಹೋಗುತ್ತದೆ" ಎನ್ನುತ್ತಾರೆ ಹಿರಿಯರು. ಇದೇ ಸಾಮ್ಯದ ಅರ್ಥವನ್ನು ಶಿಷ್ಯರೇ ಯೇಸುವನ್ನು ಕೇಳಲಿಲ್ಲವೇ? ಅವರು ಕೂರಿಸಿಕೊಂಡು ಬಿಡಿಸಿ ಹೇಳಲಿಲ್ಲವೇ? ನಮ್ಮ ಜೊತೆ ಓದಿದ ಎಷ್ಟೋ ಜನ ಹದಿನೆಂಟು ತುಂಬುತ್ತಲೇ ಸಭೆ ಬಿಟ್ಟರು. ಪ್ರಶ್ನೆ ಕೇಳಿ ಕೆಟ್ಟವರಲ್ಲ ಅವರು, ಉತ್ತರ ಸಿಗದೆ ಬೇಸತ್ತವರು.

ನಾವು ಕೇಳುವುದು ಇಷ್ಟೇ. ತಿಂಗಳಿಗೊಂದು ಭಾನುವಾರ ಆರಾಧನೆ ಮುಗಿದ ಮೇಲೆ ಒಂದು ಗಂಟೆ ಪ್ರಶ್ನೆಗೆ ಬಿಡಿ. ಸಂಡೇ ಸ್ಕೂಲ್ ನಡೆಸುವ ನಮ್ಮ ಅಕ್ಕಂದಿರಿಗೆ ವರ್ಷಕ್ಕೆ ಒಂದು ವಾರವಾದರೂ ಕಾಲೇಜಿನಲ್ಲಿ ತರಬೇತಿ ಕೊಡಿಸಿ. ಕಾಲೇಜಿನ ಹುಡುಗರು ಹಳ್ಳಿಗೆ ಬಂದರೆ ಪ್ರಸಂಗ ಮಾಡಿ ಬಸ್ಸು ಹತ್ತುವುದು ಬೇಡ, ನಮ್ಮ ಜೊತೆ ಕೂತು ಮಾತಾಡಲಿ.

ಹೊಸ ಮೈಕಿಗೆ, ಗೋಪುರದ ಬಣ್ಣಕ್ಕೆ ಕಾಣಿಕೆ ಹಣ ಸಾಲುತ್ತದೆ. ಇದಕ್ಕೂ ಸಾಲುತ್ತದೆ. ಮುಂದಿನ ಸಭಾ ಕಮಿಟಿಯಲ್ಲಿ ಕೇಳಿ, ನಾವೂ ಕೇಳುತ್ತೇವೆ.