ನೀಲಗಿರಿಯ ಉಗಿಬಂಡಿ: ಹೊರಡುವ ಮುನ್ನ

ರಜೆಯಲ್ಲಿ ಮಕ್ಕಳನ್ನು ನೀಲಗಿರಿಯ ಉಗಿಬಂಡಿಯಲ್ಲಿ ಕೂರಿಸುವೆವೆಂದು ಮಾತು ಕೊಡುವ ಗೃಹಸ್ಥರು ಬೆಂಗಳೂರಿನಲ್ಲಿ ಅನೇಕರಿದ್ದಾರೆ. ಅವರಲ್ಲಿ ಹಲವರು ಮೈಸೂರಿನ ಮಾರ್ಗವಾಗಿ ಮೋಟಾರಿನಲ್ಲಿ ಉದಕಮಂಡಲವನ್ನು ಸೇರಿ, ಕೂನೂರಿನವರೆಗೆ ರೈಲಿನಲ್ಲಿ ಹೋಗಿಬಂದು, ಕೊಟ್ಟ ಮಾತು ಸಂದಿತೆಂದು ಭಾವಿಸುವುದುಂಟು. ಆದರೆ ಆ ಭಾಗದಲ್ಲಿ ದುಡಿಯುವುದು ಡೀಸೆಲ್ ಎಂಜಿನ್. ಉಗಿಯ ಎಂಜಿನ್ ಇರುವುದು ಬೆಟ್ಟದ ಬುಡದ ಮೆಟ್ಟುಪಾಳಯಂಗೂ ಕೂನೂರಿಗೂ ನಡುವೆ. ಇದನ್ನರಿಯದೆ ಹೊರಟರೆ ಹಣವೂ ದಿನವೂ ವೆಚ್ಚವಾಗಿ, ನೋಡಬೇಕೆಂದುದೇ ಉಳಿದುಹೋಗುವುದು.

ನೋಡತಕ್ಕ ವಿಶೇಷವೆಲ್ಲ ಅಲ್ಲಿಯೇ ಇದೆ. 46 ಕಿಲೋಮೀಟರ್ ಉದ್ದದ ಈ ದಾರಿಯು 1899ರಲ್ಲಿ ಕೂನೂರಿನವರೆಗೂ, 1908ರಲ್ಲಿ ಉದಕಮಂಡಲದವರೆಗೂ ತೆರೆಯಲ್ಪಟ್ಟಿತು. ಕಲ್ಲಾರಿನಿಂದ ಮೇಲಕ್ಕೆ ಹನ್ನೆರಡೂವರೆ ಅಡಿಗೆ ಒಂದಡಿಯಷ್ಟು ಕಡಿದಾದ ಏರುಂಟು. ಅಲ್ಲಿ ನುಣುಪಾದ ಗಾಲಿಯು ಜಾರುವುದಷ್ಟೆ. ಆದುದರಿಂದ ಕಂಬಿಗಳ ನಡುವೆ ಹಲ್ಲುಪಟ್ಟಿಯನ್ನು ಹಾಸಿದ್ದಾರೆ. ಎಂಜಿನ್ನಿನ ಹಲ್ಲುಗಾಲಿಯು ಅದನ್ನು ಕಚ್ಚಿಕೊಂಡು ಏರುವುದು. ಎಂಜಿನ್ ಮುಂದೆ ಎಳೆಯದೆ ಹಿಂದಿನಿಂದ ನೂಕುವುದು. ಭಾರತದಲ್ಲಿ ಇಂತಹ ಹಲ್ಲುಕಂಬಿಯ ದಾರಿ ಇನ್ನೊಂದಿಲ್ಲ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದಕಾರಣ ಪ್ರಯಾಣವನ್ನು ಕೆಳಗಿನಿಂದ ಆರಂಭಿಸುವುದು ಲೇಸೆಂದು ನಮ್ಮ ಸಲಹೆ. ಬೆಂಗಳೂರಿನಿಂದ ಹಗಲಿನ ರೈಲಿನಲ್ಲಿ ಕೊಯಮತ್ತೂರನ್ನು ಸೇರಿ, ಸಂಜೆಗೆ ಮೆಟ್ಟುಪಾಳಯಂಗೆ ಹೋಗಿ ರಾತ್ರಿ ತಂಗಬೇಕು. ಏಕೆಂದರೆ ಬಂಡಿಯು ಬೆಳಗ್ಗೆ ಏಳು ಗಂಟೆಯ ವೇಳೆಗೆ ಹೊರಡುವುದು. ಆಸನಗಳು ಕೆಲವೇ ಆದುದರಿಂದ ಟಿಕೆಟ್ಟುಗಳನ್ನು ಬಹಳ ಮುಂಚಿತವಾಗಿ ಕಾದಿರಿಸಿ, ಅನಂತರವೇ ಉಳಿದ ಏರ್ಪಾಡುಗಳಿಗೆ ಕೈಹಾಕಬೇಕು. ಹಿಂಗಾರಿನ ತಿಂಗಳುಗಳಲ್ಲಿ ಮಣ್ಣು ಕುಸಿದು ದಾರಿ ಮುಚ್ಚುವುದುಂಟು. ಆ ಕಾಲವನ್ನು ಬಿಡುವುದೊಳ್ಳೆಯದು. ಬುಡದಲ್ಲಿ ಸೆಕೆ, ಮೇಲೆ ಚಳಿ. ಉಣ್ಣೆಯ ಬಟ್ಟೆಗಳು ಪೆಟ್ಟಿಗೆಯ ತಳದಲ್ಲಿರದೆ ಕೈಗೆಟುಕುವಂತಿರಲಿ. ಬುತ್ತಿಯೂ ಜೊತೆಗಿರಲಿ.

ಹಿಂದಿರುಗುವಾಗ ಗುಡಲೂರು, ಬಂಡೀಪುರಗಳ ಮಾರ್ಗವಾಗಿ ಮೈಸೂರಿಗೆ ಇಳಿಯಬಹುದು. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂಡೀಪುರದ ಕಾಡಿನ ರಸ್ತೆಯಲ್ಲಿ ಸ್ವಂತ ವಾಹನಗಳನ್ನು ಬಿಡುವುದಿಲ್ಲವೆಂಬುದು ನೆನಪಿರಲಿ.

ಮನೆಯಲ್ಲಿ ವೃದ್ಧರಿದ್ದು, ಏರುವ ಬಂಡಿಯಲ್ಲಿ ಸುಮಾರು ಐದು ಗಂಟೆ ಕೂರುವುದು ಅವರಿಗೆ ಕಷ್ಟವಾದರೆ, ಅವರನ್ನು ಮನೆಯಲ್ಲಿ ಬಿಟ್ಟುಹೋಗಬೇಕಾಗಿಲ್ಲ. ಮಧ್ಯಾಹ್ನ ಉದಕಮಂಡಲದಿಂದ ಇಳಿಯುವ ಬಂಡಿಯು ಮೂರೂವರೆ ಗಂಟೆಯಲ್ಲಿ ಬುಡವನ್ನು ಸೇರುವುದು. ಕೂನೂರಿನಿಂದ ಕೆಳಕ್ಕೆ ಅದಕ್ಕೂ ಉಗಿಯ ಎಂಜಿನ್ನೇ. ಅಜ್ಜಿ ತಾತಂದಿರೂ ಮೊಮ್ಮಕ್ಕಳೊಡನೆ ಒಂದೇ ಕಿಟಕಿಯಿಂದ ಕಣಿವೆಯನ್ನು ನೋಡಲಿ.