ಕನ್ನಡ ತರಗತಿಗೆ ಕನ್ನಡ ಬಲ್ಲ ಗುರು ಬೇಕು



ಉಪಾಧ್ಯಾಯ ವೃತ್ತಿಯಲ್ಲಿ ಮೂರು ದಶಕಗಳನ್ನು ಕಳೆದ ನಮಗೆ ಒಂದು ಸಂಗತಿ ಚೆನ್ನಾಗಿ ಮನದಟ್ಟಾಗಿದೆ. ಮಗು ಅಂಜದೆ ಎದ್ದುನಿಂತು ಪ್ರಶ್ನೆ ಕೇಳಿದ ದಿನವೇ ಅದರ ವಿದ್ಯಾಭ್ಯಾಸದ ನಿಜವಾದ ಪ್ರಾರಂಭ. ಹಾಗೆ ಕೇಳಬೇಕಾದರೆ ತನ್ನ ಮಾತು ಗುರುವಿಗೆ ತಿಳಿದೀತೆಂಬ ಭರವಸೆ ಅದಕ್ಕಿರಬೇಕು. ಆ ಭರವಸೆ ಹೋದ ಮೇಲೆ ಕಟ್ಟಡ, ಪುಸ್ತಕ, ಮಧ್ಯಾಹ್ನದ ಊಟ ಎಲ್ಲವೂ ಇದ್ದು ಶಾಲೆಯೊಂದೇ ಇಲ್ಲದಂತಾಗುತ್ತದೆ.

ನಮ್ಮ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡವರಿಯದ ಅಧ್ಯಾಪಕರನ್ನು ನೇಮಿಸಿದ ಪ್ರಸಂಗಗಳು ಈಚಿನ ವರ್ಷಗಳಲ್ಲಿ ಹಲವು. ಹಾಗೆ ಬಂದವರನ್ನು ನಾವು ದೂರುವುದಿಲ್ಲ. ಉದ್ಯೋಗಕ್ಕಾಗಿ ದೂರದೂರಿನಿಂದ ಬಂದ ಅವರಿಗೂ ಅದು ಸಂಕಟವೇ. ಆದರೆ ಗಣಿತದ ಪಾಠವನ್ನೇ ನೋಡಿರಿ. ಮಲಯಾಳದಲ್ಲಿ ಭಾಗಾಕಾರಕ್ಕೆ ‘ಹರಣ’ವೆಂದೂ ಶೇಷಕ್ಕೆ ‘ಶಿಷ್ಟ’ವೆಂದೂ ಹೆಸರು. ಯಕ್ಷಗಾನ ನೋಡಿ ಬೆಳೆದ ನಮ್ಮ ಮಗುವಿಗೆ ಹರಣವೆಂದರೆ ರಾವಣನು ಸೀತೆಯನ್ನು ಕದ್ದೊಯ್ದುದು, ಶಿಷ್ಟನೆಂದರೆ ಸಜ್ಜನ. ಲೆಕ್ಕ ತಪ್ಪಿದಾಗ ದಡ್ಡನೆಂಬ ಹೆಸರು ಮಗುವಿಗೆ ಬರುತ್ತದೆ. ದೋಷ ಮಗುವಿನದೋ, ನೇಮಕದ ಕ್ರಮದ್ದೋ?

ಹೊರಗಿನವರ ಗಮನಕ್ಕೆ ಬಾರದ ಇನ್ನೊಂದು ವಿಷಯವುಂಟು. ನಮ್ಮ ಮಕ್ಕಳು ಮನೆಯಲ್ಲಿ ಆಡುವುದು ತುಳು, ಹವ್ಯಕ, ಕೊಂಕಣಿ, ಮರಾಟಿ, ಬ್ಯಾರಿ, ಮಲಯಾಳ ಹೀಗೆ ನಾನಾ ನುಡಿಗಳನ್ನು. ಅವರನ್ನೆಲ್ಲ ಒಂದೇ ಬೆಂಚಿನಲ್ಲಿ ಕೂರಿಸಿ ಓದುಬರಹಕ್ಕೆ ತಂದುದು ಕನ್ನಡ ಶಾಲೆ. ಮಂಜೇಶ್ವರದ ಗೋವಿಂದ ಪೈಗಳ (1883–1963) ಮನೆಮಾತು ಕೊಂಕಣಿ. ಪೆರಡಾಲದ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ಕಯ್ಯಾರ ಕಿಞ್ಞಣ್ಣ ರೈಗಳ (1915–2015) ಮನೆಮಾತು ತುಳು. ಇಬ್ಬರೂ ಕನ್ನಡದ ಹಿರಿಯ ಕವಿಗಳಾದರು. ಇಂತಹ ನಾಡಿನಲ್ಲಿ ಕನ್ನಡವು ಶಾಲೆಯಲ್ಲಿ ಸೊರಗಿದರೆ ಮನೆಯಿಂದ ಮರಳಿ ಚಿಗುರೀತೆಂದು ನಂಬುವಂತಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ನದಿಯ ಉತ್ತರಭಾಗವು ಅಂದಿನ ಮೈಸೂರು ರಾಜ್ಯಕ್ಕೆ ಸಲ್ಲಬೇಕೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಆ ವರ್ಷ ಒಂದನೆಯ ತರಗತಿಗೆ ಸೇರಿದ ಮಕ್ಕಳು ಇಂದು ಅರುವತ್ತು ದಾಟಿದ ಅಜ್ಜ ಅಜ್ಜಿಯರು. ಏಕೀಕರಣದ ಬೇಡಿಕೆಯನ್ನು ನಾವು ಕೈಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಗಡಿಯ ತೀರ್ಮಾನವಾಗುವ ತನಕ ಮಗುವಿನ ಬಾಲ್ಯ ಕಾದು ನಿಲ್ಲದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಬಂದ ವಿಧಿಯಿದು. ರಾಜ್ಯಗಳನ್ನು ವಿಂಗಡಿಸಿದ ವರ್ಷವೇ ಗಡಿಯ ಮಕ್ಕಳಿಗೆ ಕೊಟ್ಟ ಮಾತು. ಆ ಮಾತನ್ನು ನಡೆಸಿಕೊಡಿರೆಂದು ಕೇಳುವುದು ಯಾರ ಮೇಲಿನ ದ್ವೇಷವೂ ಅಲ್ಲ.

ಆದಕಾರಣ ಸರಕಾರದಲ್ಲಿ ನಮ್ಮ ಕೇಳಿಕೆ ಮಿತವಾದುದು. ಕನ್ನಡ ತರಗತಿಯ ಹುದ್ದೆಗೆ ಬರುವವರು ನೇಮಕಕ್ಕೆ ಮೊದಲೇ ಕನ್ನಡವನ್ನು ಓದಿ, ಬರೆದು, ಮಾತನಾಡಿ ತೋರಿಸಲಿ.

ರಕ್ಷಕರಲ್ಲಿಯೂ ಒಂದು ಮಾತು. ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನದ ಮಕ್ಕಳ ಲೆಕ್ಕದ ಮೇಲೆ ಹುದ್ದೆಗಳ ನಿರ್ಣಯವಾಗುತ್ತದೆ. ಊರಿನ ಕೆಲವೇ ಮನೆಗಳು ಮಕ್ಕಳನ್ನು ಬೇರೆಡೆಗೆ ಕಳುಹಿಸಿದರೂ ಸಾಕು, ಕನ್ನಡದ ಒಂದು ಹುದ್ದೆಗೆ ಕುತ್ತು. ಮಲಯಾಳವನ್ನು ಮಕ್ಕಳು ಕಲಿಯಲಿ, ಇಂಗ್ಲಿಷನ್ನೂ ಕಲಿಯಲಿ. ನಾಲ್ಕು ನುಡಿ ಬಲ್ಲವನಿಗೆ ಬಾಳಿನಲ್ಲಿ ನಷ್ಟವಿಲ್ಲ. ಅಡಿಪಾಯ ಮಾತ್ರ ಕನ್ನಡದ್ದಾಗಲಿ.

ಮುಂದಿನ ಜೂನ್ ತಿಂಗಳಿಗೆ ಮೊದಲು ಪ್ರತಿಯೊಂದು ಊರಿನ ರಕ್ಷಕರೂ ಶಿಕ್ಷಕರೂ ಸಭೆ ಸೇರಿ, ತಮ್ಮ ಶಾಲೆಯಲ್ಲಿ ತೆರವಾಗಿರುವ ಕನ್ನಡ ಹುದ್ದೆಗಳ ಪಟ್ಟಿ ಮಾಡಿ ಸರಕಾರಕ್ಕೆ ಮನವಿ ಸಲ್ಲಿಸಲಿ. ಆ ಮನವಿಯನ್ನು ಕನ್ನಡದಲ್ಲಿಯೇ ಬರೆಯಲಿ.